ಕಪ್ಪುಗಳ ಪಟ್ಟಿಯೇ ಚರಿತ್ರೆಯೇ? ಗೋವೆಯ ಸಣ್ಣ ಊರಿನ ಫುಟ್ಬಾಲ್ ಕ್ಲಬ್ಬಿನ ಕಥೆ ಬರೆಯುವ ಕುರಿತು

ವಾಸ್ಕೋ ವಾಸಿ

ಮುರ್ಗಾಂವ ತಾಲ್ಲೂಕಿನಲ್ಲಿರುವ ನಮ್ಮ ಊರಿನ ಫುಟ್ಬಾಲ್ ಕ್ಲಬ್ಬು ಸ್ಮರಣ ಸಂಚಿಕೆಯೊಂದನ್ನು ಹೊರತರಲು ನಿರ್ಧರಿಸಿದೆ. ಆಟಗಾರರಲ್ಲಿ ಗದಗ, ಕೊಪ್ಪಳ, ವಿಜಯಪುರ, ಹಾವೇರಿ ಕಡೆಯಿಂದ ಬಂದ ಮನೆಗಳ ಹುಡುಗರು ಈಗ ಬಹಳ ಮಂದಿ ಇರುವುದರಿಂದ ಕೊಂಕಣಿ ಮತ್ತು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಕೆಲವು ಪುಟಗಳಿರಲಿ ಎಂದು ಅಧ್ಯಕ್ಷರು ಒಪ್ಪಿದ್ದು, ಆ ಪುಟಗಳ ಹೊಣೆ ನನ್ನ ಮೇಲೆ ಬಿದ್ದಿದೆ. ಹಳೆಯ ಪದಾಧಿಕಾರಿಗಳಲ್ಲಿ ಹಲವರು ಊರಿನಲ್ಲೇ ಇದ್ದಾರೆ, ಅವರ ನಡುವಿನ ಮುನಿಸೂ ಹಾಗೇ ಇದೆ. ಆದ್ದರಿಂದ ಕ್ಲಬ್ಬಿನ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಗೋವಾ ಲೀಗಿನ ಕೆಳಗಿನ ಡಿವಿಷನ್ನಿನಲ್ಲಿ ಆಡುವ, ಸಂಬಳದ ಆಟಗಾರ ಒಬ್ಬನೂ ಇಲ್ಲದ, ಚರ್ಚಿನ ಹಬ್ಬವಾದ ಫೆಸ್ತಿಗೊಂದು, ಚೌತಿ ಮುಗಿದ ಮೇಲೊಂದು ಸೆವೆನ್ಸ್ (ತಂಡಕ್ಕೆ ಏಳು ಜನರ) ಪಂದ್ಯಾವಳಿ ನಡೆಸುವ ಕ್ಲಬ್ಬು ಎಂದರೆ ಇಲ್ಲಿಯ ಕನ್ನಡಿಗರಿಗೆ ಅರ್ಥವಾಗುತ್ತದೆ.

ಕಾರ್ಯದರ್ಶಿಗಳು ಒಂದು ಕರಡನ್ನು ಕೊಟ್ಟಿದ್ದಾರೆ. ಮೊದಲಿಗೆ ನೋಂದಣಿಯ ತಾರೀಖು, ಆಮೇಲೆ ಅಧ್ಯಕ್ಷರ ಭಾವಚಿತ್ರಗಳ ಸಾಲು, ನಂತರ ಗೆದ್ದ ಕಪ್ಪುಗಳ ಪಟ್ಟಿ, ಕೊನೆಗೆ ದಾನಿಗಳಿಗೆ ಧನ್ಯವಾದ. ಹೆಸರುಗಳನ್ನು ಬದಲಿಸಿದರೆ ಇದು ಯಾವ ಊರಿನ ಯಾವ ಕ್ಲಬ್ಬಿಗಾದರೂ ಹೊಂದುತ್ತದೆ. ಕಪ್ಪುಗಳ ಪಟ್ಟಿಯಂತೂ ಹೇಳಿಕೊಳ್ಳುವಷ್ಟು ಉದ್ದವಾಗಿಯೂ ಇಲ್ಲ.

ಕ್ಲಬ್ಬಿನ ಕಬಾಟಿನಲ್ಲಿ ನೋಂದಣಿಗಿಂತ ಎಷ್ಟೋ ಹಿಂದಿನದಾದ ಒಂದು ಕಪ್ಪುಬಿಳುಪು ಚಿತ್ರ ಸಿಕ್ಕಿದೆ. ಹನ್ನೊಂದು ಹುಡುಗರಲ್ಲಿ ಬೂಟು ಹಾಕಿದವರು ನಾಲ್ವರು ಮಾತ್ರ. ಗೋಲ್‌ಕೀಪರನ ಮೈಮೇಲೆ ತೋಳುದ್ದದ ಸ್ವೆಟರು. ಹಿಂದಿರುವ ಗೋಲ್‌ಪೋಸ್ಟು ಬಿದಿರಿನದು, ಅದಕ್ಕೆ ಕಟ್ಟಿರುವುದು ಹರಿದು ಗಂಟು ಹಾಕಿದ ಮೀನಿನ ಬಲೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಹೆಸರುಗಳ ನಡುವೆ ಒಬ್ಬನನ್ನು ‘ಹುಬ್ಳಿವಾಲಾ’ ಎಂದಷ್ಟೇ ಗುರುತಿಸಲಾಗಿದೆ. ಉಳಿದವರೆಲ್ಲರಿಗೂ ಹೆಸರಿದೆ, ಮನೆತನದ ಹೆಸರೂ ಇದೆ. ಈ ತಂಡ ಆಡಿದ ಜಾಗ ಯಾರದಾಗಿತ್ತು, ಚೆಂಡಿಗೆ ದುಡ್ಡು ಕೊಟ್ಟವರು ಯಾರು, ತಂಡದ ಪಟ್ಟಿಯಲ್ಲಿ ಯಾರಿಗೆ ಜಾಗ ಸಿಕ್ಕಿತು ಎಂಬ ಮೂರನ್ನು ಬಿಟ್ಟು ಸಣ್ಣ ಊರಿನ ಕ್ಲಬ್ಬಿಗೆ ಬೇರೆ ಚರಿತ್ರೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಸಮಿತಿಯ ಹಿರಿಯರಿಗೆ ಇದು ರುಚಿಸಿಲ್ಲ. ಗೋವೆಯಲ್ಲಿ ಹೆಚ್ಚು ಕಾಲ ಕಳೆದವರು ತಮ್ಮ ಮಾತನ್ನು ಹೇಳಬೇಕೆಂದು ಕೋರುತ್ತೇನೆ.

ಮಡಗಾಂವದ ಮೇಷ್ಟ್ರು

ನಿಮ್ಮ ಮೂರು ಪ್ರಶ್ನೆಗಳೂ ಸರಿಯಾಗಿವೆ. ಆದರೆ ಊರಿನ ಕ್ಲಬ್ಬನ್ನು ಗೋವೆಯ ಫುಟ್ಬಾಲಿನ ದೊಡ್ಡ ಕಥೆಯಿಂದ ಬೇರ್ಪಡಿಸಿ ಬರೆದರೆ ಓದುಗನಿಗೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಹಿನ್ನೆಲೆಗೆ ಎರಡು ಪುಟವನ್ನಾದರೂ ಕೊಡಿ.

ಈ ಆಟವನ್ನು ಇಲ್ಲಿಗೆ ತಂದವರು ಪೋರ್ಚುಗೀಸರೆಂದು ನಮ್ಮವರಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. 1883ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲೆಂದು ಬಾರ್ದೇಸ್ ತಾಲ್ಲೂಕಿನ ಶಿವೋಲಿಗೆ ಬಂದ ವಿಲಿಯಂ ರಾಬರ್ಟ್ ಲಾಯನ್ಸ್ ಎಂಬ ಬ್ರಿಟಿಷ್ ಪಾದ್ರಿ ಅದನ್ನು ಪರಿಚಯಿಸಿದರೆಂಬುದು ಎಲ್ಲರೂ ಒಪ್ಪುವ ಮಾತು. ಬೇರೆ ಕಡೆ ಈ ಆಟ ದಂಡಿನ ಸಿಪಾಯಿಗಳ ಜೊತೆಗೆ ಬಂತು, ಬೆಂಗಳೂರಿನಲ್ಲಿ ಅದು ದಂಡುಪ್ರದೇಶದಿಂದಲೇ ಊರೊಳಗೆ ಇಳಿಯಿತು. ಗೋವೆಯಲ್ಲಿ ಅದು ಪಾದ್ರಿಯ ಕೈಹಿಡಿದು, ಶಾಲೆಯ ಅಂಗಳದ ಮೂಲಕ ಬಂತು. ಅದರ ಗುರುತು ಇಂದಿಗೂ ಅಳಿದಿಲ್ಲ. ಚರ್ಚಿನ ಫೆಸ್ತಿಗೆ ಪಂದ್ಯಾವಳಿ ಇರಲೇಬೇಕು, ವಾಡೆಗೊಂದು, ಎಂದರೆ ಊರಿನ ಕೇರಿಗೊಂದು ತಂಡ ಇರಲೇಬೇಕು, ಪಾದ್ರಿಯವರು ಬಹುಮಾನ ಹಂಚಲೇಬೇಕು. 1946ರಲ್ಲಿ ಡಾನ್ ಬಾಸ್ಕೋ ಪಂಥದ ಪಾದ್ರಿಗಳು ಪಣಜಿಗೆ ಬಂದ ಮೇಲೆ ಬಡವರ ಮನೆಯ ಮಕ್ಕಳಿಗೂ ಸಂಜೆಯ ಆಟ ದಕ್ಕಿತು.

ಇನ್ನೊಂದು ಎಳೆ ಅದಿರಿನದು. ವಾಸ್ಕೋ ಸ್ಪೋರ್ಟ್ಸ್ ಕ್ಲಬ್ 1951ರಲ್ಲಿ ಸ್ಥಾಪನೆಯಾಯಿತು. ಗಣಿ ಮಾಲೀಕರಾದ ಸಾಲಗಾಂವಕರ್ ಮನೆತನದ ಕ್ಲಬ್ 1956ರಲ್ಲಿ ವಿಮ್ಸನ್ ಎಂಬ ಹೆಸರಿನಿಂದ ಆರಂಭವಾಯಿತು. ಗೋವಾ ಫುಟ್ಬಾಲ್ ಅಸೋಸಿಯೇಷನ್ 1959ರದ್ದು. ಗಣಿ ಕಂಪನಿಗಳ ಕ್ಲಬ್ಬುಗಳಾದ ಸೆಸಾ 1965ರದ್ದು, ಡೆಂಪೋ 1968ರದ್ದು. ಕಬ್ಬಿಣದ ಅದಿರು ಹಡಗು ಹತ್ತಿ ಜಪಾನಿಗೆ ಹೊರಟ ಕಾಲಕ್ಕೂ ಈ ಇಸವಿಗಳಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಡಳಿತ ಕೊನೆಗೊಂಡರೂ ಫುಟ್ಬಾಲಿನಲ್ಲಿ ಅಂಥ ತುಂಡಾಗುವಿಕೆ ಕಾಣುವುದಿಲ್ಲ. ಗಣಿಯ ಧಣಿಗಳು ಅವರೇ ಇದ್ದರು, ಆಡುವ ಗದ್ದೆಗಳೂ ಅವೇ ಇದ್ದವು.

ಎಂಬತ್ತರ ದಶಕದ ಹುಮ್ಮಸ್ಸನ್ನು ಮರೆಯದೆ ಸೇರಿಸಿ. 1982–83ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಬಂಗಾಳದೊಂದಿಗೆ ಹಂಚಿಕೊಂಡ ಗೋವೆ, ಮರುವರ್ಷ ಅದನ್ನು ಒಂಟಿಯಾಗಿ ಗೆದ್ದಿತು. ಗೋಲ್‌ಕೀಪರ್ ಬ್ರಹ್ಮಾನಂದ ಶಂಖವಾಳಕರ್ ಭಾರತದ ನಾಯಕರೂ ಆದರು, ಮುಂದೆ ಅರ್ಜುನ ಪ್ರಶಸ್ತಿಯನ್ನೂ ಪಡೆದರು. 1989ರಲ್ಲಿ ಮಡಗಾಂವದ ಫಾತೋರ್ಡಾ ಕ್ರೀಡಾಂಗಣ ಎದ್ದು ನಿಂತಿತು. ಸಣ್ಣ ಊರುಗಳ ಬಹಳಷ್ಟು ಕ್ಲಬ್ಬುಗಳು ತಮ್ಮ ಕಾಗದಪತ್ರಗಳನ್ನು ಅಚ್ಚುಕಟ್ಟು ಮಾಡಿಕೊಂಡದ್ದು ಈ ಗೆಲುವುಗಳ ಬಿಸಿಯಲ್ಲೇ ಎಂದು ನನಗೆ ತೋರುತ್ತದೆ. ನಿಮ್ಮ ನೋಂದಣಿ ಪತ್ರದ ಇಸವಿಯನ್ನು ಒಮ್ಮೆ ನೋಡಿ.

ವಾಸ್ಕೋ ವಾಸಿ

ಮೇಷ್ಟ್ರೇ, ನಿಮ್ಮ ಊಹೆ ಸರಿ. ನೋಂದಣಿ ಅದೇ ದಶಕದ ನಡುವಿನದು. ಆದರೆ ಬಿದಿರಿನ ಕಂಬದ ಚಿತ್ರ ಅದಕ್ಕಿಂತ ಬಹಳ ಹಳೆಯದು.

ವಕೀಲರ ಕಚೇರಿಯವನು

ಜಾಗದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ಮಡಗಾಂವದ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಆಟದ ಮೈದಾನದ ತಕರಾರುಗಳು ಹೊಸತಲ್ಲ.

ಗೋವೆಯ ಹಳ್ಳಿಯ ಆಟದ ಬಯಲು ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ: ಚರ್ಚಿನ ಜಾಗ, ಗಾಂವಕಾರಿ ಎಂದರೆ ಕೊಮುನಿದಾದಿನ (ಊರಿನ ಮೂಲ ಮನೆತನಗಳ ಒಕ್ಕೂಟದ) ಜಾಗ, ಇಲ್ಲವೇ ಯಾರದೋ ಭತ್ತದ ಗದ್ದೆ. ಮಳೆಗಾಲದ ಬೆಳೆಯ ಕೊಯ್ಲಾದ ಮೇಲೆ ಎರಡನೆಯ ಬೆಳೆ ಹಾಕದೆ ಬಿಟ್ಟ ಗದ್ದೆಯಲ್ಲಿ ಮುಂದಿನ ಉಳುಮೆಯವರೆಗೆ ಚೆಂಡು ಉರುಳುತ್ತದೆ. ವಾಯಂಗಣ್ ಎಂಬ ಆ ಎರಡನೆಯ ಬೆಳೆ ಹಾಕಿದ ವರ್ಷ ಆಟವಿಲ್ಲ. ಕೂಳೆಯನ್ನು ಕುಡಗೋಲಿನಿಂದ ನೆಲಮಟ್ಟಕ್ಕೆ ಸವರಿ, ಬದುವನ್ನು ತಾತ್ಕಾಲಿಕವಾಗಿ ಕಡಿದು ಸಮ ಮಾಡಿ, ಉಳುಮೆಗೆ ಮೊದಲು ಅದೇ ಬದುವನ್ನು ಮತ್ತೆ ಕಟ್ಟಿಕೊಡುವುದು ಕ್ಲಬ್ಬಿನ ಹುಡುಗರ ಕೆಲಸ. ಇದು ಬಾಯಿಮಾತಿನ ಒಪ್ಪಂದ. ಇದಕ್ಕೆ ಬಾಡಿಗೆ ಚೀಟಿಯಿಲ್ಲ, ಕರಾರಿಲ್ಲ.

ತೊಡಕು ಹುಟ್ಟುವುದು ಕಾಗದ ಬೇಕಾದಾಗ. ಗೇಣಿ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ 1976ರ ಏಪ್ರಿಲ್ 20ರಿಂದ ಉಳುವವನೇ ಗದ್ದೆಯ ಒಡೆಯನೆಂದು ಪರಿಗಣಿಸಲಾಗುತ್ತದೆ. ಅಂಥ ಗದ್ದೆಯನ್ನು ಬೇಸಾಯಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸಬಾರದೆಂದು 1991ರ ಭೂಬಳಕೆ ಕಾಯ್ದೆ ಹೇಳುತ್ತದೆ. ಹೀಗಾಗಿ ತಲೆಮಾರುಗಳಿಂದ ಒಂದೇ ಗದ್ದೆಯಲ್ಲಿ ಆಡಿದ ಕ್ಲಬ್ಬು ಹಣ ಕೂಡಿಸಿಕೊಂಡು ಬಂದರೂ ಅದನ್ನು ಸುಲಭವಾಗಿ ಮೈದಾನ ಮಾಡಿಕೊಳ್ಳಲಾಗದು. ಕೊಮುನಿದಾದಿನ ಜಾಗವಾದರೆ 1961ರ ಸಂಹಿತೆಯ ಪ್ರಕಾರ ಅದರ ಸದಸ್ಯರ ಸಭೆ ಒಪ್ಪಬೇಕು, ಮೇಲಿನ ಅಧಿಕಾರಿಗಳ ಅನುಮತಿಯೂ ಬೇಕು. ಸರಕಾರ ಮೈದಾನಕ್ಕೆ ಅನುದಾನ ಕೊಡುವಾಗ ಜಾಗ ಯಾರ ಹೆಸರಿನಲ್ಲಿದೆ ಎಂದು ಮೊದಲು ಕೇಳುವುದು ಸಹಜವಾದ್ದರಿಂದ, ಒಳ್ಳೆಯ ತಂಡವಿದ್ದ ಊರಿಗೆ ಮೈದಾನ ಬಾರದೆ, ಕಾಗದ ಚೊಕ್ಕಟವಾಗಿದ್ದ ಪಕ್ಕದ ಊರಿಗೆ ಗ್ಯಾಲರಿ ಸಮೇತ ಬಂದ ಉದಾಹರಣೆಗಳಿವೆ.

ನಿಮ್ಮ ಮೈದಾನದ ಸರ್ವೆ ನಂಬರು ಹಿಡಿದು ಫಾರ್ಮ್ ಒಂದು ಮತ್ತು ಹದಿನಾಲ್ಕನ್ನು, ಎಂದರೆ ಗೋವೆಯ ಪಹಣಿಯನ್ನು ತೆಗೆಸಿ. ಭೋಗವಟೆಯ (ಸ್ವಾಧೀನದಾರರ) ಅಂಕಣದಲ್ಲಿ ಯಾರ ಹೆಸರಿದೆ, ಗೇಣಿದಾರನ ಅಂಕಣದಲ್ಲಿ ಯಾರಿದ್ದಾರೆ, ಇತರ ಹಕ್ಕುಗಳ ಅಂಕಣದಲ್ಲಿ ಏನಾದರೂ ಬರೆದಿದೆಯೇ ಎಂಬುದನ್ನು ನೋಡಿದರೆ ನಿಮ್ಮ ಕಾರ್ಯದರ್ಶಿಯ ಕರಡಿನಲ್ಲಿ ಇಲ್ಲದಿರುವ ಅರ್ಧ ಚರಿತ್ರೆ ಒಂದೇ ಹಾಳೆಯಲ್ಲಿ ಸಿಗುತ್ತದೆ. ಅದನ್ನು ಅಚ್ಚು ಹಾಕುವುದು ಬೇರೆ ಮಾತು. ದಾವೆ ಏನಾದರೂ ನಡೆಯುತ್ತಿದ್ದರೆ ಮೊದಲು ನಿಮ್ಮ ವಕೀಲರನ್ನು ಕೇಳಿ.

ರೈಲ್ವೆ ನಿವೃತ್ತ, ಹುಬ್ಬಳ್ಳಿ

‘ಹುಬ್ಳಿವಾಲಾ’ ಎಂಬುದನ್ನು ಓದಿ ಸುಮ್ಮನಿರಲಾಗಲಿಲ್ಲ. ಆ ಹುಡುಗ ಯಾರೆಂದು ನಾನು ಹೇಳಲಾರೆ, ಆದರೆ ಅವನು ಅಲ್ಲಿಗೆ ಬಂದ ದಾರಿಯನ್ನು ಹೇಳಬಲ್ಲೆ.

ಮುರ್ಗಾಂವ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗಿನ ರೈಲುಮಾರ್ಗ 1880ರ ದಶಕದ್ದು. 1955ರಲ್ಲಿ ಭಾರತ ಸರಕಾರ ಗೋವೆಗೆ ಆರ್ಥಿಕ ದಿಗ್ಬಂಧನ ಹಾಕಿ ಗಡಿಯ ರೈಲು ಸಂಚಾರವನ್ನು ನಿಲ್ಲಿಸಿತು. ಗೋವೆ ಬಿಡುಗಡೆಯಾಗಿ ಹಳಿ ಮತ್ತೆ ತೆರೆದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗದ ಕಡೆಯವರಿಗೆ ವಾಸ್ಕೋ ಒಂದು ರಾತ್ರಿಯ ಹಾದಿಯಾಯಿತು. ಆ ಮಾರ್ಗ ಇಂದಿಗೂ ಹುಬ್ಬಳ್ಳಿ ವಿಭಾಗಕ್ಕೇ ಸೇರಿದ್ದು. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಗಾರ್ಡು, ಕ್ಲರ್ಕು ಎಂದು ವರ್ಗವಾಗಿ ಬಂದ ನಮ್ಮವರು ಕ್ವಾರ್ಟರ್ಸಿನಲ್ಲಿ ಇಳಿದರು. ಅವರ ಮಕ್ಕಳು ಊರ ಶಾಲೆಗೆ ಹೋದರು, ಸಂಜೆ ಊರ ಹುಡುಗರ ಜೊತೆ ಆಡಿದರು. ತಂದೆಗೆ ವರ್ಗವಾದೊಡನೆ ಆಟಗಾರನೂ ಮಾಯವಾಗುತ್ತಿದ್ದ. ಹೆಸರು ಉಳಿಯದೆ ಊರಿನ ಗುರುತು ಮಾತ್ರ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಎಲ್ಲವನ್ನೂ ಅಸಡ್ಡೆಯೆಂದು ಓದಬೇಡಿ.

1964ರಲ್ಲಿ ಮುರ್ಗಾಂವಕ್ಕೆ ಪ್ರಮುಖ ಬಂದರಿನ ಸ್ಥಾನ ಸಿಕ್ಕಿತು, 1973ರ ಹೊತ್ತಿಗೆ ಜುವಾರಿಯ ಗೊಬ್ಬರದ ಕಾರ್ಖಾನೆ ಶುರುವಾಯಿತು. ಈ ಎರಡನೆಯ ಅಲೆಯಲ್ಲಿ ಬಂದವರಿಗೆ ಕ್ವಾರ್ಟರ್ಸೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ವಾಸ್ಕೋದ ಬೈನಾದಲ್ಲೂ ಬಿರ್ಲಾ ಎಂದು ಎಲ್ಲರೂ ಕರೆಯುವ ಜುವಾರಿನಗರದಲ್ಲೂ ತಗಡಿನ ಮನೆ ಕಟ್ಟಿಕೊಂಡ ಗೌಂಡಿಗಳ, ಹಮಾಲರ ಮಕ್ಕಳು ಅವರು. ರೈಲ್ವೆಯವರ ಮಕ್ಕಳಿಗೆ ಕ್ಲಬ್ಬಿನ ಬಾಗಿಲು ತೆರೆದಷ್ಟು ಸಲೀಸಾಗಿ ಇವರಿಗೆ ತೆರೆಯಲಿಲ್ಲ. ಘಟ್ಟದ ಮೇಲಿನವರನ್ನು ಹೀಗಳೆಯುವ ‘ಘಾಂಟಿ’ ಎಂಬ ಹೆಸರಿನಿಂದ ಕರೆಯಿಸಿಕೊಂಡು ಗೆರೆಯಾಚೆ ಚೆಂಡು ಹೆಕ್ಕಿಕೊಡುವುದರಿಂದಲೇ ಅವರ ಆಟ ಆರಂಭವಾಯಿತು. 2004ರಲ್ಲಿ ಬೈನಾದ ಕಡಲಂಚಿನ ಮನೆಗಳನ್ನು ಕೆಡವಿದಾಗ ಮನೆಗಳ ಲೆಕ್ಕವನ್ನು ಎಲ್ಲರೂ ಬರೆದರು, ಅಲ್ಲಿಯ ಮರಳಿನಲ್ಲಿ ಆಡುತ್ತಿದ್ದ ಹುಡುಗರು ಎಲ್ಲಿ ಚದುರಿಹೋದರೆಂದು ಬರೆದವರನ್ನು ನಾನು ಕಂಡಿಲ್ಲ.

ಮಾಟುಂಗಾದಿಂದ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ, ಆದರೆ ಒಂದು ಎಚ್ಚರಿಕೆ. ಊರಿನ ಕ್ಲಬ್ಬಿನ ಸಂಚಿಕೆ ವಲಸಿಗರ ದೂರು ಪುಸ್ತಕವಾಗಬಾರದು. ಹಾಗಾದರೆ ಅದನ್ನು ಊರವರು ಓದುವುದಿಲ್ಲ, ಓದದಿದ್ದರೆ ಬರೆದೂ ಫಲವಿಲ್ಲ.

ಗೋವೆಯವರೂ ಒಂದು ಕಾಲಕ್ಕೆ ವಲಸಿಗರೇ. ಮುಂಬೈಯ ಧೋಬಿತಲಾವಿನ ಸುತ್ತ ಅವರ ಕೂಡುಗಳಿದ್ದವು, ಕೆಲವು ಈಗಲೂ ಇವೆ. ಹಡಗಿನ ಕೆಲಸಕ್ಕೆ ಬಂದವರು ಊರಿನ ಹೆಸರಿನಲ್ಲೇ ಒಂದು ಕೊಠಡಿ ಹಿಡಿದು, ಟ್ರಂಕು ಇಡಲು ಜಾಗ ಮಾಡಿಕೊಂಡು, ಗೋಡೆಗೊಂದು ಆಲ್ತಾರು (ಪ್ರಾರ್ಥನೆಯ ಪೀಠ) ಕಟ್ಟಿ, ಸದಸ್ಯರ ರಿಜಿಸ್ಟರು ಇಟ್ಟ ಕ್ಲಬ್ಬುಗಳು ಅವು. ಅಸ್ಸಾಗಾಂವದ ಮೂಲದ ನೆವಿಲ್ ಡಿಸೋಜಾ ಮುಂಬೈಯಲ್ಲಿ ಟಾಟಾ ತಂಡಕ್ಕೆ ಆಡುತ್ತ 1956ರ ಮೆಲ್ಬೋರ್ನ್ ಒಲಿಂಪಿಕ್ಸಿಗೆ ಹೋಗಿ, ಆಸ್ಟ್ರೇಲಿಯಾದ ಎದುರು ಮೂರು ಗೋಲು ಹೊಡೆದರು. ಭಾರತ ಆ ಕೂಟದಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಕಡೆಯದನ್ನೂ ಹೇಳಬೇಕೆಂದರೆ, 1891ರಿಂದ ನಡೆದುಬಂದ ಮುಂಬೈಯ ರೋವರ್ಸ್ ಕಪ್ಪನ್ನು ಮಿಲಿಟರಿ ತಂಡಗಳ ಕೈಯಿಂದ ಬಿಡಿಸಿಕೊಂಡ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ಅದು 1937ರಲ್ಲಿ ಗೆದ್ದಿತು, ಮರುವರ್ಷವೂ ಗೆದ್ದಿತು. ಇನ್ನೊಬ್ಬರ ಊರಿಗೆ ಹೋಗಿ ಆಡುವುದು ಈ ಆಟಕ್ಕೆ ಹೊಸತಲ್ಲ ಎಂಬ ಧಾಟಿಯಲ್ಲಿ ಬರೆದರೆ ಗೋವೆಯ ಹಿರಿಯರು ತಮ್ಮ ಅಜ್ಜಂದಿರನ್ನೇ ಅದರಲ್ಲಿ ಕಾಣುತ್ತಾರೆ.

ಕುಡಚಡೆಯ ಲೆಕ್ಕಿಗ

ನಾನು ಇಲ್ಲಿಯ ಒಂದು ಸಣ್ಣ ಕ್ಲಬ್ಬಿನ ಖಜಾಂಚಿಯ ಕೆಲಸವನ್ನು ಕೆಲವು ವರ್ಷ ನೋಡಿಕೊಂಡವನು. ಎಲ್ಲರೂ ನಡಾವಳಿ ಪುಸ್ತಕವನ್ನು ಹುಡುಕುತ್ತಾರೆ. ನನ್ನನ್ನು ಕೇಳಿದರೆ ಮೊದಲು ಜಮಾಖರ್ಚಿನ ವಹಿ ಹುಡುಕಿ. ನಡಾವಳಿಯಲ್ಲಿ ಎಲ್ಲ ಠರಾವುಗಳೂ ‘ಸರ್ವಾನುಮತದಿಂದ’ ಪಾಸಾಗಿರುತ್ತವೆ, ಜಗಳದ ಸುಳಿವೇ ಇರುವುದಿಲ್ಲ. ವಹಿ ಅಷ್ಟು ಜಾಣತನ ಮಾಡುವುದಿಲ್ಲ.

ನನ್ನ ಕೈಯಲ್ಲಿದ್ದ ಹಳೆಯ ವಹಿಯ ಒಂದು ಪಂದ್ಯದ ದಿನದ ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಗೆರೆ ಹಾಕಲು ಸುಣ್ಣ, ಚೆಂಡಿಗೆ ಬ್ಲಾಡರು, ಅದನ್ನು ಹೊಲಿಸಿದ ಚಮ್ಮಾರನ ಕೂಲಿ, ನಿಂಬೆಹಣ್ಣು ಮತ್ತು ಬರ್ಫ, ರೆಫರಿಗೆ ಬಸ್ಸಿನ ಛಾರ್ಜು, ಎದುರಾಳಿ ತಂಡಕ್ಕೆ ಚಹಾ ಮತ್ತು ಪಾವ್‌ಭಾಜಿ, ತಂಡ ಹೋಗಿಬರಲು ಟೆಂಪೋ ಬಾಡಿಗೆ, ಒಬ್ಬನ ಕಾಲು ಉಳುಕಿದ್ದಕ್ಕೆ ಪಟ್ಟಿ. ಚೆಂಡು ಹೊಲಿಸಿದ ಖರ್ಚು ಮೇಲಿಂದ ಮೇಲೆ ಬಂದರೆ ಆ ವರ್ಷ ಹೊಸ ಚೆಂಡಿಗೆ ಗತಿಯಿರಲಿಲ್ಲವೆಂದು ತಿಳಿಯಬಹುದು. ಜಮೆಯ ಬದಿಯಲ್ಲಿ ಇನ್ನೂ ಸ್ವಾರಸ್ಯವಿದೆ: ಸದಸ್ಯರ ವರ್ಗಣಿ, ಫೆಸ್ತಿನ ದಿನದ ಹೌಸೀ ಆಟದ ಉಳಿತಾಯ, ಕ್ಲಬ್ಬಿನ ಸಹಾಯಾರ್ಥ ಆಡಿಸಿದ ತಿಯಾತ್ರಿನ (ಕೊಂಕಣಿ ನಾಟಕದ) ಟಿಕೀಟು, ಪಂದ್ಯಾವಳಿಗೆ ಬಂದ ತಂಡಗಳ ಪ್ರವೇಶ ಶುಲ್ಕ, ದುಬೈಯಿಂದ ರಜೆಗೆ ಬಂದವರು ಕೊಟ್ಟ ಜೆರ್ಸಿ.

ನಮ್ಮ ಕಡೆ, ಸಾಂಗೆ ಮತ್ತು ಕೇಪೆಯ ಗಣಿ ಪಟ್ಟಿಯಲ್ಲಿ, ಜಮೆಯ ದೊಡ್ಡ ಪಾಲು ಗಣಿಯ ಧಣಿಗಳದ್ದಾಗಿರಲಿಲ್ಲ. ಅವರು ತಮ್ಮ ದೊಡ್ಡ ಕ್ಲಬ್ಬುಗಳನ್ನು ಸಾಕುತ್ತಿದ್ದರು. ನಮ್ಮನ್ನು ಸಾಕಿದವರು ಒಂದೆರಡು ಟ್ರಕ್ಕು ಇಟ್ಟುಕೊಂಡವರು, ಬಾರ್ಜಿನಲ್ಲಿ ಪಾಲು ಇದ್ದವರು, ಗ್ಯಾರೇಜು ನಡೆಸುವವರು, ಟಯರಿನ ಅಂಗಡಿಯವರು. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವೂ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ಗಣಿಗಾರಿಕೆಗೆ ತಡೆ ಹಾಕಿದಾಗ ಟ್ರಕ್ಕುಗಳು ಮನೆಯ ಮುಂದೆ ನಿಂತವು. ಕಂತು ಕಟ್ಟಲಾಗದವನ ಹತ್ತಿರ ಚಂದಾ ಪುಸ್ತಕ ಹಿಡಿದುಕೊಂಡು ಹೋಗುವುದಕ್ಕೆ ಯಾವ ಹುಡುಗನಿಗೂ ಮನಸ್ಸು ಬರಲಿಲ್ಲ. 2014ರಲ್ಲಿ ಅದಿರು ತೆಗೆಯುವುದಕ್ಕೆ ಮಿತಿ ಹಾಕಿ ಮತ್ತೆ ಅನುಮತಿ ಕೊಟ್ಟರು. 2018ರ ಫೆಬ್ರವರಿಯಲ್ಲಿ ಕೋರ್ಟು 88 ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು. ಗಣಿ ಮಾಡಿದ ಹಾನಿಯನ್ನು ನಾನು ಅಲ್ಲಗಳೆಯುತ್ತಿಲ್ಲ, ಕೆಂಪು ಧೂಳು ತಿಂದವರು ನಾವೇ. ಆದರೆ ನಮ್ಮ ಕ್ಲಬ್ಬು ಕೆಳ ಡಿವಿಷನ್ನಿಗೆ ಒಂದು ಹಂಗಾಮು ತಂಡವನ್ನೇ ಕಳಿಸದೆ ಉಳಿದದ್ದು ಏಕೆಂದು ಕೇಳಿದರೆ ಉತ್ತರ ಆ ವಹಿಯಲ್ಲಿದೆ, ಕೋಚ್‌ನ ತಪ್ಪಿನಲ್ಲಿಲ್ಲ.

ದೊಡ್ಡವರ ಕಥೆಯೂ ಬೇರೆ ದಾರಿಯಲ್ಲಿ ಅಲ್ಲಿಗೇ ಬಂತು. ಐದು ಬಾರಿ ರಾಷ್ಟ್ರೀಯ ಲೀಗ್ ಗೆದ್ದ ಡೆಂಪೋ, ಎರಡು ಬಾರಿ ಗೆದ್ದ ಸಾಲಗಾಂವಕರ್, ಜೊತೆಗೆ ಸ್ಪೋರ್ಟಿಂಗ್ ಕ್ಲಬ್ 2016ರಲ್ಲಿ ಐ-ಲೀಗ್ ಎಂಬ ಆ ರಾಷ್ಟ್ರೀಯ ಲೀಗಿನಿಂದ ಹೊರನಡೆದವು. ಐ-ಲೀಗನ್ನು ಎರಡನೆಯ ದರ್ಜೆಗೆ ಇಳಿಸುವ ಯೋಜನೆಯನ್ನು ವಿರೋಧಿಸಿ ಅವು ಆ ನಿರ್ಧಾರ ಮಾಡಿದವು. ಡೆಂಪೋ ಮತ್ತೆ ಐ-ಲೀಗಿಗೆ ಬಂದದ್ದು 2024–25ರ ಹಂಗಾಮಿನಲ್ಲಿ. ನಡುವಿನ ಆ ಕಾಲದಲ್ಲಿ ನಮ್ಮಂಥ ಊರಿನ ಹುಡುಗ ಮುಂದಿನ ಮೆಟ್ಟಿಲೆಂದು ನೋಡುತ್ತಿದ್ದ ನೌಕರಿಗಳು ಕಡಿಮೆಯಾದವು. ಎಫ್‌ಸಿ ಗೋವಾ ಎಂಬ ಹೊಸ ವೃತ್ತಿಪರ ಕ್ಲಬ್ಬು ಬಂದಿರಬಹುದು, ಆದರೆ ಒಂದು ತಂಡ ಮೂರು ತಂಡಗಳಷ್ಟು ಹುಡುಗರಿಗೆ ಅನ್ನ ಹಾಕಲಾರದು.

ಬಿರ್ಲಾದ ಹುಡುಗ

ಹಿರಿಯರ ನಡುವೆ ಬರೆಯಲು ಸಂಕೋಚವಾಗುತ್ತದೆ, ಆದರೂ ತಂಡದ ಪಟ್ಟಿಯಲ್ಲಿ ಯಾರಿಗೆ ಜಾಗ ಎಂಬ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವಿದೆ. ನಾನು ಜುವಾರಿನಗರದಲ್ಲಿ ಬೆಳೆದವನು, ಕೆಳ ಡಿವಿಷನ್ನಿನ ಒಂದು ಕ್ಲಬ್ಬಿಗೆ ಎಡಬದಿಯ ಬ್ಯಾಕ್ ಆಗಿ ಆಡುತ್ತೇನೆ. ಅಪ್ಪ ಗೌಂಡಿ, ಊರು ರೋಣ ತಾಲ್ಲೂಕಿನಲ್ಲಿ.

ಮೈದಾನದಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ‘ಹಾಂಗಾ ದಿ ರೇ’ (ಇಲ್ಲಿ ಕೊಡೋ) ಎಂದು ಕೂಗಿದರೆ ಚೆಂಡು ಬರುತ್ತದೆ, ಅಷ್ಟು ಕೊಂಕಣಿ ಒಂದು ವಾರದಲ್ಲಿ ಬರುತ್ತದೆ. ತಡೆದದ್ದು ಕಾಗದ. ಹದಿನಾಲ್ಕರ ಒಳಗಿನವರ ತಂಡಕ್ಕೆ ಹೆಸರು ಕೊಡುವಾಗ ಜನನ ಪ್ರಮಾಣಪತ್ರ ಕೇಳಿದರು. ಅಜ್ಜಿಯ ಊರಿನಲ್ಲಿ, ಮನೆಯಲ್ಲೇ ಹುಟ್ಟಿದ ನನ್ನ ಹೆಸರು ಪಂಚಾಯಿತಿಯ ಪುಸ್ತಕದಲ್ಲಿ ಒಂದು ರೀತಿ, ಶಾಲೆಯಲ್ಲಿ ಇನ್ನೊಂದು ರೀತಿ, ಆಧಾರಿನಲ್ಲಿ ಮತ್ತೊಂದು ರೀತಿ ಇತ್ತು. ಹುಟ್ಟಿದ ದಿನ ಎಲ್ಲರಿಗೂ ಬರೆಯುವ ಹಾಗೆ ಜೂನ್ 1 ಆಗಿತ್ತು. ವಯಸ್ಸು ಮುಚ್ಚಿಡುತ್ತಿದ್ದೇನೆಂದು ಎದುರು ತಂಡದವರು ತಕರಾರು ತೆಗೆದರು. ಎಡ ಮುಂಗೈಯ ಎಕ್ಸ್‌ರೇ ತೆಗೆದು ಮೂಳೆ ನೋಡಿ ವಯಸ್ಸನ್ನು ಅಂದಾಜು ಮಾಡುವ ಪರೀಕ್ಷೆಯಿದೆ, ಅದಕ್ಕೆ ಹೋಗು ಎಂದರು. ಪರೀಕ್ಷೆ ನನ್ನ ಪರವಾಗಿಯೇ ಬಂತು, ಆದರೆ ಅಷ್ಟರಲ್ಲಿ ಪಂದ್ಯಾವಳಿ ಮುಗಿದಿತ್ತು.

ಆಮೇಲೆ ನಮ್ಮ ಕ್ಲಬ್ಬಿನ ಸಹಕಾರ್ಯದರ್ಶಿಯೊಬ್ಬರು, ಅವರು ಗೋವೆಯವರೇ, ಅಪ್ಪನ ಜೊತೆ ರೋಣಕ್ಕೆ ಬಂದು, ತಹಶೀಲ್ದಾರ ಕಚೇರಿಯ ಹೊರಗೆ ದಿನವಿಡೀ ನಿಂತು ಹೆಸರನ್ನು ತಿದ್ದಿಸಿಕೊಟ್ಟರು. ಕನ್ನಡದ ಒಂದಕ್ಷರವೂ ಅವರಿಗೆ ಬಾರದು. ನನ್ನ ನೋಂದಣಿ ಈಗ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಮಾಟುಂಗಾದ ಸರ್ ಹೇಳಿದ ಹಾಗೆ ಇದು ದೂರು ಪುಸ್ತಕವಾಗಬಾರದು ನಿಜ. ಹಾಗೆಂದು ಜೂನ್ 1ರಂದು ಹುಟ್ಟಿದ ಅಷ್ಟೊಂದು ಹುಡುಗರು ಪಟ್ಟಿಯಿಂದ ಬಿದ್ದುಹೋದದ್ದನ್ನು ಬರೆಯದೆ ಬಿಟ್ಟರೆ ಆ ಸಹಕಾರ್ಯದರ್ಶಿಯ ಕೆಲಸವನ್ನೂ ಬರೆಯದೆ ಬಿಟ್ಟಂತಾಗುತ್ತದೆ.

ಮಾಪ್ಸಾದ ಅಕ್ಕ

ಇಷ್ಟು ಹೊತ್ತಾದರೂ ಹುಡುಗಿಯರ ಮಾತು ಬರಲಿಲ್ಲವಲ್ಲ ಎಂದು ಕಾದಿದ್ದೆ. ಕಲಂಗುಟ್‌ನ ಯೊಲಾಂಡಾ ಡಿಸೋಜಾ 1970ರ ದಶಕದ ಕೊನೆಯ ಹೊತ್ತಿಗೇ ಭಾರತ ತಂಡದಲ್ಲಿ ಆಡಿದವರು. 2022ರಲ್ಲಿ ಹದಿನೇಳರ ಒಳಗಿನ ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಫಾತೋರ್ಡಾದಲ್ಲೇ ನಡೆದವು. ನಾನು ಶಾಲೆಯೊಂದರಲ್ಲಿ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ಊರಿನ ಕ್ಲಬ್ಬಿನ ಮೈದಾನ ನಮಗೆ ಸಿಗುವುದು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ, ಹುಡುಗರು ಬರುವ ಮುಂಚಿನ ಸುಡುಬಿಸಿಲಿನಲ್ಲಿ. ಚರಿತ್ರೆಯಲ್ಲಿ ಮೈದಾನದ ವೇಳಾಪಟ್ಟಿಯನ್ನೂ ಹಾಕಿ, ವರ್ಷವಾರು ಸಿಕ್ಕರೆ ಇನ್ನೂ ಒಳ್ಳೆಯದು.

ವಾಸ್ಕೋ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಬರಹಗಳ ಸಾರವನ್ನು ಕೊಂಕಣಿಯಲ್ಲಿ ಸಮಿತಿಯ ಮುಂದಿಟ್ಟಾಗ ಒಂದು ಸಂಜೆಯ ಪೂರಾ ಗದ್ದಲವಾಯಿತು, ಆದರೂ ಕೆಲಸ ಮುಂದುವರಿದಿದೆ.

ಮೈದಾನದ ಅಧ್ಯಾಯ ಮೊದಲು ಬರಬೇಕೆಂಬುದಕ್ಕೆ ಒಪ್ಪಿಗೆ ಸಿಕ್ಕಿದೆ. ಕೂಳೆ ಸವರಿದವರ, ಬದು ಕಟ್ಟಿದವರ ನೆನಪುಗಳನ್ನು ಹಾಕಬಹುದು, ಸರ್ವೆ ನಂಬರು ಮತ್ತು ಹಕ್ಕಿನ ವಿವರ ಬೇಡವೆಂದರು. ತೆಗೆಸಿದ ಹಾಳೆಯಲ್ಲಿ ಕ್ಲಬ್ಬಿನ ಹೆಸರು ಯಾವ ಅಂಕಣದಲ್ಲೂ ಇರಲಿಲ್ಲವೆಂಬುದೇ ಅದಕ್ಕೆ ಕಾರಣ. ನನಗಿದು ಪೂರ್ತಿ ಒಪ್ಪಿಗೆಯಲ್ಲ, ಆದರೆ ನಾಳೆ ಗದ್ದೆಯವನು ಬೇಲಿ ಹಾಕಿದರೆ ಆಡುವವರು ಎಲ್ಲಿಗೆ ಹೋಗಬೇಕೆಂಬ ಅವರ ಅಂಜಿಕೆಯನ್ನು ತಳ್ಳಿಹಾಕಲಾರೆ. ಕುಡಚಡೆಯವರ ಮಾತು ಕೇಳಿ ವಹಿ ಹುಡುಕಿಸಿದೆವು. ಹಿಂದಿನ ಖಜಾಂಚಿಯ ಮನೆಯ ಅಟ್ಟದಲ್ಲಿ ಎರಡು ಸಿಕ್ಕಿವೆ, ಒಂದನ್ನು ಗೆದ್ದಲು ತಿಂದಿದೆ. ಉಳಿದ ವಹಿಯ ಒಂದು ಪುಟವನ್ನು ಇದ್ದ ಹಾಗೇ ಚಿತ್ರ ತೆಗೆದು ಅಚ್ಚು ಹಾಕುತ್ತೇವೆ. ಹುಡುಗಿಯರ ತಂಡ ನಮ್ಮಲ್ಲಿ ಶುರುವಾಗಿ ಹೆಚ್ಚು ಕಾಲವಾಗಿಲ್ಲ, ಅವರಿಗೆ ಸಿಗುವ ಹೊತ್ತೂ ಅದೇ ಮೂರು ಗಂಟೆಯದು ಎಂದು ವಿಚಾರಿಸಿದಾಗ ತಿಳಿಯಿತು. ಅದನ್ನು ಸಂಚಿಕೆಯಲ್ಲಿ ಹಾಕುವ ಮೊದಲು ಬದಲಿಸೋಣ ಎಂದು ಅಧ್ಯಕ್ಷರು ಹೇಳಿದ್ದಾರೆ, ನೋಡೋಣ. ಅಧ್ಯಕ್ಷರ ಭಾವಚಿತ್ರಗಳು ಇದ್ದೇ ಇರುತ್ತವೆ. ಕಪ್ಪುಗಳ ಪಟ್ಟಿ ಕೊನೆಯ ಪುಟಕ್ಕೆ ಹೋಗಿದೆ.

ಆಟಗಾರರ ಹೆಸರುಗಳ ಕೆಲಸ ಮಾತ್ರ ಬಹಳ ಬಾಕಿಯಿದೆ. ಎಪ್ಪತ್ತು ಮತ್ತು ಎಂಬತ್ತರ ದಶಕದಲ್ಲಿ ಮುರ್ಗಾಂವ ತಾಲ್ಲೂಕಿನ ಯಾವುದೇ ಕ್ಲಬ್ಬಿಗೆ ಆಡಿದವರ, ಅಥವಾ ಆಡಿದವರ ಮಕ್ಕಳ ಬಳಿ ಟೀಮ್ ಶೀಟು, ಪಂದ್ಯಾವಳಿಯ ಕರಪತ್ರ, ಪ್ರಮಾಣಪತ್ರ ಇದ್ದರೆ ದಯವಿಟ್ಟು ತಿಳಿಸಿ. ಮೂಲಪ್ರತಿ ಕಳಿಸುವ ಅಗತ್ಯವಿಲ್ಲ, ಮೊಬೈಲಿನಲ್ಲಿ ನೇರವಾಗಿ ಮೇಲಿನಿಂದ ತೆಗೆದ ಚಿತ್ರ ಸಾಕು. ಆಟಗಾರನ ಪೂರ್ಣ ಹೆಸರು, ಆಡಿದ ಜಾಗ, ಸ್ವಂತ ಊರು ಈ ಮೂರನ್ನು ಜೊತೆಗೆ ಬರೆಯಿರಿ. ಹೆಸರನ್ನು ಅವರವರು ಬರೆದುಕೊಳ್ಳುವ ರೀತಿಯಲ್ಲೇ ಅಚ್ಚು ಹಾಕುತ್ತೇವೆ. ಪುಟಗಳು ಚೌತಿಗೆ ಮೊದಲು ಮುದ್ರಣಕ್ಕೆ ಹೋಗುತ್ತವೆ.